ಬಣ್ಣ ಬಿಟ್ಟ ಮಾತ್ರೆ

ಪದ್ಮಶ್ರೀಗೆ ಆಗ ಐದು ತಿಂಗಳು. ರಾಟೆಯ ಮುಂದೆ ಕೂತು ನಾಲ್ಕು ಕಂಡಿಕೆ ರೇಷ್ಮೆ ಸುತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಒಂದು ಕೊಡ ನೀರು ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ, ಬರೀ ಬಿಳುಪು. "ಬಸುರಿ ಅಂದ್ಮೇಲೆ ಸುಸ್ತು ಇರಲ್ವೇನಕ್ಕಾ?" ಎಂದು ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು. ಈ ಮಾತನ್ನು ಕೇಳದ ಮನೆ ನಮ್ಮ ಕಡೆ ಯಾವುದಿದೆ ಹೇಳಿ?

ನಾನು ದಾಕ್ಷಾಯಿಣಿ. ತವರು ಪರಶುರಾಂಪುರ, ಕೆಲಸ ಮೊಳಕಾಲ್ಮೂರಿನಲ್ಲಿ, ನೇಕಾರರ ಕೇರಿಯ ನರ್ಸ್. ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲೂ ಒಂದು ಕಡೆ ಕೂಗಾಡಿದ್ದೇನೆ. ಅದರಿಂದ ಮೂರು ಕಾಸಿನ ಪ್ರಯೋಜನವಾಗಲಿಲ್ಲ.

ಪದ್ಮಶ್ರೀಯ ಬೆರಳು ಚುಚ್ಚಿ ರಕ್ತ ನೋಡಿದೆ. ಹಿಮೋಗ್ಲೋಬಿನ್ ಏಳೂವರೆ ಬಂತು. ಬಸುರಿಗೆ ಹನ್ನೊಂದಾದರೂ ಇರಬೇಕು. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಚೀಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಸಿಸ್ಟರ್, ಈ ಹುಡುಗಿ ಮೈಯಲ್ಲಿ ರಕ್ತ ಇಲ್ಲ. ಹೀಗೇ ಬಿಟ್ರೆ, ಹೆರಿಗೆ ಟೈಮಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದ್ರೂ ಜೀವಕ್ಕೆ ಅಪಾಯ. ನಮ್ಮ ಕೈಯಲ್ಲಿ ಇನ್ನು ನಾಲ್ಕು ತಿಂಗಳಿದೆ. ಮಾತ್ರೆ ಒಂದು ದಿನಾನೂ ತಪ್ಪಬಾರದು."

ದಿನಕ್ಕೆ ಎರಡು ಕಬ್ಬಿಣಾಂಶದ ಮಾತ್ರೆ. ಸರ್ಕಾರದಿಂದ ಪುಕ್ಕಟೆ. ಮೇಲೆ ಕೆಂಪಗೆ ಹೊಳೆಯುವ ಮಾತ್ರೆ. ಪದ್ಮಶ್ರೀಯ ಸೆರಗಿನಲ್ಲಿ ನಾನೇ ಕಟ್ಟಿ ಕಳಿಸಿದೆ. ಮೂರು ವಾರ ಬಿಟ್ಟು ಮನೆಗೆ ಹೋದರೆ, ಹೊಸ್ತಿಲು ದಾಟುವ ಮುಂಚೆಯೇ ಅವಳ ಅತ್ತೆ ಓಬಳಮ್ಮ ಮಾತ್ರೆಯ ಪೊಟ್ಟಣ ತಂದು ನನ್ನ ಕೈಗಿಟ್ಟರು.

"ತಗೊಳ್ಳಮ್ಮ ನರ್ಸಮ್ಮ ನಿನ್ನ ಮಾತ್ರೆ. ನಮಗೆ ಒದ್ದು."

ಒದ್ದು ಎಂದರೆ ತೆಲುಗಿನಲ್ಲಿ ಬೇಡ. ಆ ಮನೆಯಲ್ಲಿ ಸಿಟ್ಟು ಬಂದರೆ ತೆಲುಗು, ಖುಷಿಯಾದರೆ ಕನ್ನಡ.

ಓಬಳಮ್ಮ ಅಂದರೆ ಯಾರು ಅಂದುಕೊಂಡಿರಿ? ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವವರಲ್ಲಿ ಎತ್ತಿದ ಕೈ. ವಯಸ್ಸು ಐವತ್ತೆರಡು. ಗಂಡ ತೀರಿಕೊಂಡ ಮೇಲೆ ಬಣ್ಣದ ಹಂಡೆ ನಂಬಿಕೊಂಡೇ ಮಗ ಗೋಪಿಯನ್ನು ಬೆಳೆಸಿದ ಹೆಂಗಸು. ಹತ್ತು ವರ್ಷದ ಹಿಂದಿನ ಸೀರೆ ತಂದು ತೋರಿಸಿ, ಅದೇ ಬಣ್ಣ ಮತ್ತೆ ಬೇಕೆಂದರೆ ಒಂದು ಎಳೆ ವ್ಯತ್ಯಾಸವಿಲ್ಲದೆ ಹಾಕಿಕೊಡುತ್ತಾರೆ. ಹದಿನೈದು ಬೆರಳು ಇದ್ದಿದ್ದರೂ ಹದಿನೈದಕ್ಕೂ ಬಣ್ಣ ಮೆತ್ತಿಕೊಂಡಿರುತ್ತಿದ್ದರು.

"ಯಾಕ್ರಿ ಓಬಳಕ್ಕಾ, ಏನಾಯ್ತು?" ಎಂದೆ.

"ಏನಾಯ್ತಾ? ಬೆರಳು ಒದ್ದೆ ಮಾಡ್ಕೊಂಡು ನಿನ್ನ ಮಾತ್ರೆ ಉಜ್ಜಿದೆ. ಬಣ್ಣ ಬಿಡ್ತು! ಮೇಲೆ ಕೆಂಪು, ಒಳಗೆ ಬೇರೇನೇ ಐತೆ. ಬಣ್ಣ ಬಿಡೋ ನೂಲನ್ನೇ ನಾನು ಮನೆ ಒಳಗೆ ಸೇರ್ಸಲ್ಲ. ಸೊಸೆ ಹೊಟ್ಟೆ ಒಳಗೆ ಸೇರಿಸ್ತೀನಾ?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

"ನಗು, ನಗು. ಆ ಮಾತ್ರೆ ನುಂಗಿದ ಎರಡು ದಿನವೂ ಹುಡುಗಿಗೆ ಹೊರಕಡೆ ಕರ್ರಗೆ ಹೋಯ್ತು, ಅವತ್ತೇ ನಿಲ್ಲಿಸ್ದೆ. ಇದಕ್ಕೇನಂತೀಯಾ? ಹಂಡೆ ನೀರು ಕರ್ರಗಾದ್ರೆ ಒಳಗಿರೋ ನೂಲು ಬೆಳ್ಳಗೆ ಉಳೀತೈತಾ? ಹೊಟ್ಟೆ ಒಳಗಿರೋ ಕೂಸಿನ ಗತಿ ಏನು?"

"ಮತ್ತೆ ರಕ್ತ ಹೆಂಗೆ ಬರುತ್ತೆ ಓಬಳಕ್ಕಾ?"

"ಅದಕ್ಕೆ ನಾನು ದಾರಿ ಮಾಡೀನಿ. ದಿನಾ ಬೀಟ್‌ರೂಟ್ ಕೊಡ್ತಿದೀನಿ. ದಾಳಿಂಬೆ ಕೊಡ್ತಿದೀನಿ. ಕೆಂಪು ಹಾಕಿದ್ರೆ ಕೆಂಪು ಹತ್ತುತ್ತೆ, ಕಪ್ಪು ಹಾಕಿದ್ರೆ ಕಪ್ಪು ಹತ್ತುತ್ತೆ. ಮೂವತ್ತು ವರ್ಷ ಇದೇ ಕೆಲಸ ಮಾಡಿರೋಳು ನಾನು."

ಪದ್ಮಶ್ರೀ ರಾಟೆಯ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ತುಟಿ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಒಂದು ತಟ್ಟೆ ತುಂಬ ಬೀಟ್‌ರೂಟ್ ಹೋಳು. ನನಗೆ ತಲೆ ಗಿರ್ರೆಂದಿತು. "ನಿಮ್ಮ ಬಣ್ಣದ ಬುದ್ಧಿಗೆ ಹುಡುಗಿ ಜೀವ ಹೋಗುತ್ತೆ, ಗೊತ್ತೇನ್ರಿ? ಹೆರಿಗೆ ದಿನ ನೀವೇ ಬಂದು ಉತ್ತರ ಕೊಡ್ತೀರಾ?" ಎಂದು ಕೂಗಾಡಿದೆ. ಪಕ್ಕದ ಮನೆಯ ಮಗ್ಗದ ಸದ್ದು ಕೂಡ ನಿಂತುಹೋಯಿತು.

ಓಬಳಮ್ಮ ಗಲಾಟೆ ಮಾಡಲಿಲ್ಲ. "ಅವಳ ಜೀವ ನಿನಗಿಂತ ನನಗೆ ಕಮ್ಮಿನಾ? ಮಗಳಿಲ್ಲದ ಮನೆಗೆ ಮಗಳಾಗಿ ಬಂದೋಳು ಅವಳು. ನೀನು ಹೇಳ್ತೀಯಾ ಅಂತ ಹೆಂಗೆ ನಂಬಲಿ? ನನ್ನ ಕಣ್ಣು ಬೇರೆ ಹೇಳ್ತೈತಲ್ಲ," ಎಂದರು.

ಮುಖ ಸಣ್ಣಗೆ ಮಾಡಿಕೊಂಡು ಹೊರಗೆ ಬಂದೆ. ದಾರಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಸಿದ್ದಲಿಂಗೇಶ್ ಸಿಕ್ಕರು. ನಮ್ಮ ಪರಶುರಾಂಪುರದವರೇ, ದೂರದ ನೆಂಟರು. ನಡೆದದ್ದನ್ನೆಲ್ಲ ಹೇಳಿದೆ.

"ಬೈದುಬಿಟ್ರಾ ದಾಕ್ಷಾಯಿಣಕ್ಕಾ? ಬೈದ್ರೆ ಯಾರು ಕೇಳ್ತಾರ್ರಿ?" ಎಂದು ನಕ್ಕರು. "ಆಯಮ್ಮ ನೂಲಿನ ವಿಷಯದಲ್ಲಿ ನೂರಕ್ಕೆ ನೂರು ಸರಿ. ಮನುಷ್ಯರ ಮೈ ನೂಲಿನ ಥರ ಇಲ್ಲ, ಅಷ್ಟೇ ಗೊತ್ತಾಗ್ಬೇಕು. ಕಣ್ಣು ನಂಬೋರಿಗೆ ಕಣ್ಣಿಗೇ ತೋರಿಸ್ಬೇಕು. ಭಾನುವಾರ ಬರ್ತೀನಿ."

ಭಾನುವಾರ ಬೆಳಿಗ್ಗೆ ಹೆಡ್‌ಮಾಸ್ಟರ ಒಪ್ಪಿಗೆ ತೆಗೆದುಕೊಂಡು, ಶಾಲೆಯ ಸೂಕ್ಷ್ಮದರ್ಶಕವನ್ನು ಟವೆಲ್ಲಿನಲ್ಲಿ ಸುತ್ತಿ, ಎಳೆಗೂಸಿನಂತೆ ಎದೆಗವಚಿಕೊಂಡು ಬಂದರು. ಗೋಪಿ ಮಗ್ಗದ ಗುಂಡಿಯಿಂದ ಎದ್ದುಬಂದ. ಬಾಗಿಲ ಬೆಳಕಿಗೆ ಸ್ಟೂಲು ಹಾಕಿ ಅದರ ಮೇಲೆ ಯಂತ್ರ ಇಟ್ಟೆವು. ಓಬಳಮ್ಮ ಒಳಗಿನಿಂದ ಬರಲೇ ಇಲ್ಲ.

"ಓಬಳಮ್ಮನೋರೇ, ನಿಮ್ಮ ಕೈಯಾರೆ ಬಣ್ಣ ಹಾಕಿರೋ ಒಂದೆಳೆ ರೇಷ್ಮೆ ಕೊಡಿ. ಅದು ಹೆಂಗೆ ಕಾಣ್ತೈತೆ ನೋಡೋಣ," ಎಂದರು ಮೇಷ್ಟ್ರು.

ತಮ್ಮ ಬಣ್ಣದ ಮಾತು ಬಂದಮೇಲೆ ಓಬಳಮ್ಮ ಒಳಗೆ ನಿಲ್ಲುತ್ತಾರಾ? ಬಂದರು. ಮೊದಲು ಕಣ್ಣನ್ನು ಗಾಜಿಗೆ ತೀರಾ ಒತ್ತಿಕೊಂಡು ನೋಡಿದರು. "ಏನೋ ಕರೀ ಪೊರಕೆ ಕಾಣ್ತೈತೆ," ಎಂದರು. ಅದು ಅವರ ರೆಪ್ಪೆಯ ಕೂದಲು! ಗೋಪಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡನೆಯ ಸಲ ಸರಿಯಾಗಿ ಕಂಡಿತು.

"ನುಣ್ಣಗೆ ಗಾಜಿನ ಕಡ್ಡಿ ಇದ್ದಂಗೈತೆ. ಉದ್ದಕ್ಕೂ ನಾನು ಹಾಕಿದ ಬಣ್ಣ."

"ಅದರಲ್ಲಿ ಕೋಣೆ ಗೀಣೆ ಏನಾದ್ರೂ ಕಾಣ್ತೈತಾ?"

"ನೂಲಲ್ಲಿ ಕೋಣೆ ಎಲ್ಲಿಂದ ಬರ್ತೈತೆ ಸ್ವಾಮಿ?"

"ಸರಿಯಾಗಿ ಹೇಳಿದ್ರಿ. ಹುಳ ಬಾಯಿಂದ ಬಿಟ್ಟ ರಸ ಗಟ್ಟಿಯಾಗಿ ನೂಲಾಗೈತೆ. ಅದಕ್ಕೆ ಜೀವ ಇಲ್ಲ. ಈಗ ಜೀವ ಇರೋದನ್ನ ನೋಡಿ."

ಒಂದು ಈರುಳ್ಳಿ ಹೆಚ್ಚಿ, ಅದರ ಪದರದ ಒಳಮೈಯಿಂದ ತೆಳ್ಳನೆಯ ಪೊರೆ ಸುಲಿದರು. ಗಾಜಿನ ಮೇಲೆ ಹಾಸಿದರು. ನನ್ನ ಚೀಲದಲ್ಲಿದ್ದ ಅಯೋಡಿನ್ ಟಿಂಚರನ್ನು ನೀರಿಗೆ ಬೆರೆಸಿ ಒಂದು ಹನಿ ಬಿಟ್ಟರು. ಓಬಳಮ್ಮ ಬಗ್ಗಿ ನೋಡಿದವರು ಅಲ್ಲೇ ನಿಂತುಬಿಟ್ಟರು.

"ಅಬ್ಬಬ್ಬಾ! ಅಮ್ಮಾಯಿ, ಬಾರೇ ಇಲ್ಲಿ. ಇಟ್ಟಿಗೆ ಜೋಡಿಸಿದಂಗೈತೆ! ಸಾಲು ಸಾಲು ಮನೆ. ಒಂದೊಂದರ ಒಳಗೂ ಒಂದೊಂದು ಚುಕ್ಕಿ."

ಅಮ್ಮಾಯಿ ಎಂದರೆ ತೆಲುಗಿನಲ್ಲಿ ಹುಡುಗಿ, ಸೊಸೆಯನ್ನು ಅವರು ಕರೆಯುವುದು ಹಾಗೇ. ಪದ್ಮಶ್ರೀ ನೋಡಿದಳು. ಗೋಪಿ ನೋಡಿದ. ನಾನೂ ನೋಡಿದೆ. ನರ್ಸಿಂಗ್ ಓದುವಾಗ ನೋಡಿದ್ದೇ ಕೊನೆ, ನನಗೂ ಮತ್ತೆ ಹೊಸದೆನಿಸಿತು.

"ಆ ಒಂದೊಂದು ಮನೇನೂ ಒಂದೊಂದು ಜೀವಕೋಶ," ಎಂದರು ಮೇಷ್ಟ್ರು. "ಈರುಳ್ಳಿನೂ ಅದರಿಂದಲೇ ಆಗಿರೋದು, ನಾವೂ ಅದರಿಂದಲೇ. ನಿಮ್ಮ ಒಂದು ಹನಿ ರಕ್ತದಲ್ಲೇ ಕೋಟಿಗಟ್ಟಲೆ ಇರ್ತವೆ. ಒಂದೊಂದಕ್ಕೂ ಸುತ್ತ ಒಂದು ಪೊರೆ ಐತೆ, ಕೋಶಪೊರೆ ಅಂತ. ಅದೇ ಅದರ ಬಾಗಿಲು. ಬೇಕಾದ್ದನ್ನ ಒಳಗೆ ಬಿಡುತ್ತೆ, ಬೇಡದ್ದನ್ನ ತಡೆಯುತ್ತೆ. ಒಳಗೆ ಗಂಜಿ ಥರ ಕೋಶರಸ. ಅದರ ನಡುವೆ ಆ ಚುಕ್ಕಿ. ಅದಕ್ಕೆ ಕೋಶಕೇಂದ್ರ ಅಂತಾರೆ."

"ಆ ಚುಕ್ಕಿ ಏನು ಮಾಡ್ತೈತೆ ಸಾರ್?" ಗೋಪಿ ಕೇಳಿದ.

"ಮೈ ಹೆಂಗಿರ್ಬೇಕು, ಕಣ್ಣು ಹೆಂಗಿರ್ಬೇಕು, ಬಣ್ಣ ಯಾವುದು, ಎಲ್ಲಾ ಅದರೊಳಗೆ ಬರೆದಿಟ್ಟಂಗೆ ಇರುತ್ತೆ."

ಗೋಪಿ ತಲೆಯೆತ್ತಿ ತನ್ನ ಮಗ್ಗ ನೋಡಿದ. ಮೇಲೆ ಜಕಾರ್ಡಿನಲ್ಲಿ ತೂತು ಹೊಡೆದ ರಟ್ಟುಗಳ ಸರ ತೂಗುತ್ತಿತ್ತು. ಯಾವ ರಟ್ಟಿನಲ್ಲಿ ಎಲ್ಲಿ ತೂತಿದೆಯೋ ಅದರಂತೆ ಸೀರೆಯ ಅಂಚಿನಲ್ಲಿ ಹೂವೋ ಹಂಸವೋ ಬೀಳುತ್ತದೆ. "ಅಂದ್ರೆ ನಮ್ಮ ರಟ್ಟಿನ ಥರ! ರಟ್ಟು ಹೇಳಿದಂಗೆ ಡಿಸೈನು," ಎಂದ.

"ಶಹಬ್ಬಾಸ್! ಆ ರಟ್ಟು ನೋಡ್ಕೊಂಡು ನೇಯೋ ನೇಕಾರರೂ ಕೋಶದೊಳಗೆ ಇದಾರೆ. ರೈಬೋಸೋಮ್ ಅಂತ, ಇದಕ್ಕಿಂತ ಸಣ್ಣವು. ಈ ಯಂತ್ರದಲ್ಲಿ ಕಾಣಲ್ಲ."

ತನ್ನ ಕಸುಬಿನವರು ಅಷ್ಟು ಒಳಗೆಲ್ಲ ಇದ್ದಾರೆಂದು ಗೋಪಿಗೆ ಭಾರಿ ಹೆಮ್ಮೆಯಾಯಿತು. ಓಬಳಮ್ಮ ಮಾತ್ರ ಬಿಡುವ ಪೈಕಿಯಲ್ಲ.

"ಹಂಗಾದ್ರೆ ಕೂಸಿನ ಬಣ್ಣ?"

"ಅಪ್ಪನ ಕಡೆಯಿಂದ ಅರ್ಧ ರಟ್ಟು, ಅವ್ವನ ಕಡೆಯಿಂದ ಅರ್ಧ ರಟ್ಟು. ಬಸುರು ನಿಂತ ದಿನವೇ ಸೇರಿ ಮುಗಿದೈತೆ. ಮಾತ್ರೆ ಹೋಗಿ ಅದರಲ್ಲಿ ಹೊಸ ತೂತು ಹೊಡೆಯಲ್ಲ ಓಬಳಮ್ಮನೋರೇ."

"ಬಾಯಲ್ಲಿ ಹೇಳಿದ್ರಿ. ಬಾಗಿಲು ಐತೆ, ತಡೆಯುತ್ತೆ ಅಂದ್ರಿ. ಅದನ್ನ ನಾನು ಹೆಂಗೆ ನೋಡೋದು?"

ಮೇಷ್ಟ್ರು ಇದಕ್ಕೇ ಕಾದಿದ್ದರು. "ನಿಮ್ಮ ಬೀಟ್‌ರೂಟ್ ತನ್ನಿ," ಎಂದರು.

ಮುಂದಿನದನ್ನು ಓಬಳಮ್ಮ ಯಾರಿಗೂ ಮುಟ್ಟಲು ಬಿಡಲಿಲ್ಲ. ಬೀಟ್‌ರೂಟನ್ನು ತಾವೇ ಹೋಳು ಮಾಡಿದರು. ಕತ್ತರಿಸಿದ ಕಡೆಯಿಂದ ಕೆಂಪು ಸೋರಿತು. "ಕತ್ತಿ ತಾಗಿದ ಕೋಶ ಒಡೆದು ಸೋರುತ್ತೆ, ತೊಳೀರಿ," ಎಂದರು ಮೇಷ್ಟ್ರು. ಬಣ್ಣ ಹಾಕಿದ ನೂಲಿನ ಲಡಿ ಜಾಲಿಸುವ ಹಾಗೆ ಓಬಳಮ್ಮ ಹೋಳುಗಳನ್ನು ಐದು ನೀರಿನಲ್ಲಿ ಜಾಲಿಸಿದರು. ಕೊನೆಯ ನೀರು ತಿಳಿಯಾಗಿಯೇ ಉಳಿಯಿತು. ಆಮೇಲೆ ನಾಲ್ಕು ಹೋಳು ತಣ್ಣೀರಿನ ಲೋಟಕ್ಕೆ, ನಾಲ್ಕು ಹೋಳು ಕುದಿಯುವ ನೀರಿನ ಲೋಟಕ್ಕೆ.

ಕುದಿಯುವ ನೀರು ನೋಡನೋಡುತ್ತಾ ಕೆಂಪಾಯಿತು. ತಣ್ಣೀರು ತಿಳಿಯಾಗಿಯೇ ಇತ್ತು. ಓಬಳಮ್ಮ ಎರಡೂ ಲೋಟ ಬೆಳಕಿಗೆ ಹಿಡಿದರು. ಹುಬ್ಬು ಗಂಟಿಕ್ಕಿದರು.

"ಎರಡೂ ಒಂದೇ ಗೆಡ್ಡೆ. ಇದು ಬಿಡ್ತು, ಅದು ಬಿಡಲಿಲ್ಲ. ಯಾಕೆ?"

"ಬೀಟ್‌ರೂಟಿನ ಬಣ್ಣ ಕೋಶದೊಳಗೆ ರಸದಾನಿ ಅಂತ ಒಂದು ಚೀಲದಲ್ಲಿ ಇರುತ್ತೆ. ತಣ್ಣೀರಲ್ಲಿ ಕೋಶಕ್ಕೆ ಇನ್ನೂ ಜೀವ ಐತೆ. ಪೊರೆ ಗಟ್ಟಿಯಾಗಿ ಬಾಗಿಲು ಹಾಕ್ಕೊಂಡೈತೆ. ಬಿಸಿನೀರಲ್ಲಿ ಪೊರೆ ಸತ್ತೋಯ್ತು. ಬಾಗಿಲೇ ಇಲ್ಲ ಅಂದ್ಮೇಲೆ ಬಣ್ಣ ತಡೆಯೋರ್ಯಾರು?"

"ತಡಿ ತಡಿ. ಹೊಟ್ಟೆ ಒಳಗೂ ಬಿಸಿ ಇರ್ತೈತಲ್ಲ?"

ನಾನು ಬಾಯಿ ತೆರೆದೆ, ಮೇಷ್ಟ್ರು ಸುಮ್ಮನಿರಿ ಎಂದು ಕೈ ತೋರಿಸಿದರು. "ಒಳ್ಳೆ ಪ್ರಶ್ನೆ. ಮೈ ಬಿಸಿಯಷ್ಟೇ ನೀರು ಮಾಡಿ ನೋಡಿ."

ಓಬಳಮ್ಮ ತಣ್ಣೀರಿಗೆ ಬಿಸಿನೀರು ಬೆರೆಸಿ, ಒಂದು ಕೈ ಪದ್ಮಶ್ರೀಯ ಕಂಕುಳಲ್ಲಿ, ಇನ್ನೊಂದು ಕೈ ಲೋಟದಲ್ಲಿಟ್ಟು ಹದ ನೋಡಿದರು. ಪದ್ಮಶ್ರೀ ಕಚಗುಳಿಗೆ ಕಿಸಕ್ಕನೆ ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿ ಎಷ್ಟೋ ದಿನವಾಗಿತ್ತು. ಮೂರನೇ ಲೋಟಕ್ಕೆ ಹೋಳು ಬಿತ್ತು. ಕಾದೆವು. ಗೋಪಿ ಒಂದು ರೌಂಡು ಟೀ ತರಿಸಿದ. ಟೀ ಮುಗಿದರೂ ಆ ನೀರಿಗೆ ಬಣ್ಣ ಬಂತೋ ಇಲ್ಲವೋ ಅನ್ನುವಷ್ಟೇ.

ಓಬಳಮ್ಮ ಮೂರೂ ಲೋಟ ಸಾಲಾಗಿ ಇಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟರು. ಕೊನೆಗೆ ತಮಗೆ ತಾವೇ ಹೇಳಿಕೊಳ್ಳುವಂತೆ, "ನೂಲಿಗೆ ಬಾಗಿಲಿಲ್ಲ. ಅದಕ್ಕೇ ಹಾಕಿದ್ದೆಲ್ಲ ಹತ್ತುತ್ತೆ. ಜೀವ ಇರೋದು ಹಂಗೆ ಬಿಟ್ಕೊಳ್ಳಲ್ಲ," ಎಂದರು. ಆಮೇಲೆ ತಟ್ಟನೆ ನನ್ನ ಕಡೆ ತಿರುಗಿ, "ಮತ್ತೆ ಆ ಕರ್ರಗೆ ಹೋಗೋದು ಏನು?" ಎಂದು ಕೇಳಿದರು.

ಈ ಸಲ ನಾನು ಕೂಗಲಿಲ್ಲ. "ಓಬಳಕ್ಕಾ, ಕರುಳಿನ ಗೋಡೇಲೂ ಇಂಥವೇ ಕೋಶ. ಮಾತ್ರೆಯ ಕಬ್ಬಿಣದಲ್ಲಿ ಸ್ವಲ್ಪ ಭಾಗ ಮಾತ್ರ ಒಳಗೆ ಬಿಡ್ತವೆ. ಮಿಕ್ಕಿದ್ದು ಕೆಳಗೆ ಇಳಿದು ಹೊರಗೆ ಹೋಗುತ್ತೆ. ಆ ಕಪ್ಪು ಅದೇ. ಅದು ಕೂಸಿನ ತಾವ ಹೋಗಿದ್ದಲ್ಲ, ಹೊರಗೆ ಬಂದಿದ್ದು. ಮಾತ್ರೆ ಮೇಲಿನ ಕೆಂಪು, ನುಂಗೋಕೆ ಸಲೀಸಾಗಲಿ ಅಂತ ಹಾಕಿರೋ ಸಿಹಿ ಲೇಪ. ಔಷಧ ಒಳಗಿರೋದು."

"ಮತ್ತೆ ಬೀಟ್‌ರೂಟಿನ ಕೆಂಪು?"

"ತರಕಾರಿ ಅಂತ ತಿನ್ನಲಿ, ಒಳ್ಳೇದು. ಆದ್ರೆ ಆ ಕೆಂಪು ಬೇರೆ, ರಕ್ತದ ಕೆಂಪು ಬೇರೆ. ಅದು ಹೋಗಿ ರಕ್ತ ಆಗಲ್ಲ."

ರಕ್ತದ ಮಾತು ಬಂದದ್ದೇ, ಮೇಷ್ಟ್ರು ನನ್ನ ಬೆರಳು ಬೇಕೆಂದರು. ಊರಿನವರ ಬೆರಳೆಲ್ಲ ಚುಚ್ಚುವ ನನಗೆ ನನ್ನ ಬೆರಳು ಚುಚ್ಚಿಕೊಳ್ಳಲು ಎದೆ ಡವಡವ ಅಂದಿತು. ಗೋಪಿ ಮುಸಿಮುಸಿ ನಗುತ್ತಿದ್ದ. ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು ಯಂತ್ರದ ಕೆಳಗಿಟ್ಟರು.

"ಇದೇನು, ಕೆಂಪೇ ಇಲ್ಲ!" ಓಬಳಮ್ಮ ಉದ್ಗರಿಸಿದರು. "ದುಂಡು ದುಂಡಗೆ, ತಿಳಿ ಹಳದಿ. ಓ, ಗೊತ್ತಾಯ್ತು ಬಿಡು. ಒಂದೆಳೆ ನೋಡಿದ್ರೆ ಬಣ್ಣ ತೆಳು, ಲಡಿ ಕಟ್ಟಿದ್ರೆ ಗಾಢ." ಮತ್ತೆ ಕಣ್ಣಿಟ್ಟು ನೋಡಿದರು. "ಚುಕ್ಕಿ ಎಲ್ಲಿ? ಈರುಳ್ಳಿಯೊಳಗೆ ಚುಕ್ಕಿ ಇತ್ತು, ಇದರೊಳಗೆ ಇಲ್ಲ."

ಮೇಷ್ಟ್ರು ಸಂತೋಷಕ್ಕೆ ತೊಡೆ ತಟ್ಟಿದರು. "ನನ್ನ ಹತ್ತನೇ ಕ್ಲಾಸಿನ ಮಕ್ಕಳು ಒಬ್ಬರೂ ಇದನ್ನ ಕೇಳಿಲ್ಲ! ಕೆಂಪು ರಕ್ತಕೋಶ ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಇರೋವಾಗ ಅದಕ್ಕೂ ಚುಕ್ಕಿ ಇರುತ್ತೆ. ಹೊರಡೋ ಮುಂಚೆ ಅದನ್ನ ಆಚೆ ಹಾಕಿ, ಒಳಗೆಲ್ಲ ಹಿಮೋಗ್ಲೋಬಿನ್ ತುಂಬ್ಕೊಂಡು ಹೊರಡುತ್ತೆ. ನಾವು ಎಳೆದ ಉಸಿರಿನ ಆಮ್ಲಜನಕ ಹೊರೋದು ಆ ಹಿಮೋಗ್ಲೋಬಿನ್. ಕಬ್ಬಿಣ ಇಲ್ಲದೆ ಅದು ತಯಾರಾಗಲ್ಲ."

ಆಗ ಪದ್ಮಶ್ರೀ ಮೊದಲ ಸಲ ಬಾಯಿ ಬಿಟ್ಟಳು. "ಸಾರ್, ನಾನು ಹೊಟ್ಟೆ ತುಂಬ ಉಣ್ತೀನಿ. ಮುದ್ದೆ, ಸಾರು, ಎಲ್ಲಾ. ಆದ್ರೂ ಸುಸ್ತು ಯಾಕೆ?"

"ನಿಮ್ಮ ಒಂದೊಂದು ಕೋಶದಲ್ಲೂ ಸಣ್ಣ ಸಣ್ಣ ಒಲೆ ಇದಾವೆ ತಾಯಿ. ಮೈಟೋಕಾಂಡ್ರಿಯ ಅಂತಾರೆ. ಉಂಡ ಅನ್ನ ಅದಕ್ಕೆ ಕಟ್ಟಿಗೆ. ಆದ್ರೆ ಗಾಳಿ ಬೇಕಲ್ಲ ಉರಿಯೋಕೆ? ಗಾಳಿ ತರೋ ರಕ್ತಕೋಶವೇ ಕಮ್ಮಿ. ಒಲೆ ತುಂಬ ಕಟ್ಟಿಗೆ ಐತೆ, ಉರಿ ಹತ್ತಲ್ಲ. ಕೂಸಿಗೂ ಅದೇ ಗಾಳಿ ಹೋಗ್ಬೇಕು."

ಓಬಳಮ್ಮ ಸೊಸೆಯ ಮುಖ ನೋಡಿದರು. ಅವರ ಕಣ್ಣು ಒದ್ದೆಯಾಯಿತು. "ಮೂರು ವಾರ ಹಾಳು ಮಾಡಿದ್ನಲ್ಲೇ ಅಮ್ಮಾಯಿ," ಎಂದು ಅವಳ ತಲೆ ಸವರಿದರು. ಕೂಗಾಡಿದ್ದಕ್ಕೆ ಆಗಲೇ ಕ್ಷಮೆ ಕೇಳಿದೆ. "ಬಿಡು ಬಿಡು, ನನ್ನ ಹಂಡೆ ಕುದಿಯೋ ಥರ ನಿನ್ನ ಬಾಯಿ," ಎಂದು ಬೈದೇ ಕ್ಷಮಿಸಿದರು.

ಪೊಟ್ಟಣ ಮತ್ತೆ ಆ ಮನೆಯೊಳಗೆ ಹೋಯಿತು. ಹೇಗೆ ತೆಗೆದುಕೊಳ್ಳಬೇಕೆಂದು ಓಬಳಮ್ಮ ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡರು. ಬೆಳಿಗ್ಗೆ ಉಂಡ ಮೇಲೆ ಒಂದು, ರಾತ್ರಿ ಉಂಡ ಮೇಲೆ ಒಂದು. ಜೊತೆಗೆ ನಿಂಬೆಹಣ್ಣು ಹಿಂಡಿದ ನೀರು ಕುಡಿದರೆ ಕಬ್ಬಿಣ ಚೆನ್ನಾಗಿ ಒಳಗೆ ಹೋಗುತ್ತದೆ. ಟೀ ಕುಡಿದರೆ ಹೋಗುವುದಿಲ್ಲ, ಮಾತ್ರೆಗೂ ಟೀಗೂ ನಡುವೆ ಎರಡು ಗಂಟೆಯಾದರೂ ಬಿಡಬೇಕು. ಮಗ್ಗದ ಮನೆಯಲ್ಲಿ ಟೀ ಬಿಡಿಸುವುದೆಂದರೆ ಸಾಮಾನ್ಯದ ಮಾತೇ? ಮಾತ್ರೆಯ ಹೊತ್ತಿಗೆ ಟೀ ಲೋಟ ಹಿಡಿದು ಬಂದ ಗೋಪಿಯನ್ನೂ ಓಬಳಮ್ಮ ಅಂಗಳಕ್ಕೆ ಅಟ್ಟಿದರಂತೆ. ನುಗ್ಗೆಸೊಪ್ಪು, ಹುರುಳಿಕಾಳು, ಬೆಲ್ಲ ಹಾಕಿದ ಕಡಲೆಬೀಜ ಅಡುಗೆಮನೆಗೆ ಬಂದವು. ಮೊದಲ ವಾರ ಪದ್ಮಶ್ರೀಗೆ ಹೊಟ್ಟೆ ತೊಳಸಿತು, ಮಲ ಗಟ್ಟಿಯಾಯಿತು. ಅದು ಸಹಜ, ನೀರು ಹೆಚ್ಚು ಕುಡಿಯಲಿ, ಸೊಪ್ಪು ತಿನ್ನಲಿ, ನಿಲ್ಲಿಸುವುದು ಬೇಡ ಎಂದೆ. ನಿಲ್ಲಿಸಲಿಲ್ಲ.

ಎರಡು ತಿಂಗಳಿಗೆ ಮತ್ತೆ ರಕ್ತ ನೋಡುವ ದಿನ ಓಬಳಮ್ಮ ತಾವೇ ಸೊಸೆಯನ್ನು ಕರೆತಂದರು. ನಮ್ಮ ಪರೀಕ್ಷೆ ಹೇಗೆ ಗೊತ್ತಾ? ಗಾಜಿನ ಕೊಳವೆಯ ಆಮ್ಲಕ್ಕೆ ರಕ್ತ ಬಿಟ್ಟರೆ ಹತ್ತು ನಿಮಿಷಕ್ಕೆ ಕಂದಾಗುತ್ತದೆ. ಆಮೇಲೆ ಹನಿ ಹನಿ ನೀರು ಹಾಕುತ್ತಾ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದುವವರೆಗೆ ತೆಳುವಾಗಿಸಬೇಕು. ಎಷ್ಟು ಹೆಚ್ಚು ನೀರು ಹಿಡಿಯುತ್ತದೋ ಅಷ್ಟು ಒಳ್ಳೆಯ ರಕ್ತ. ಇದನ್ನು ಕಂಡಿದ್ದೇ ಓಬಳಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿದರು.

"ಸರಿ ಆ ಕಡೆ, ಇದು ನನ್ನ ಕೆಲಸ. ಹಾಕು ಹನಿ. ಇನ್ನೊಂದು. ಇನ್ನೂ ಗಾಢ ಐತೆ, ಹಾಕು. ಹಾಂ, ಸಾಕು!"

ಒಂಬತ್ತೂ ಮುಕ್ಕಾಲು. ನನ್ನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಹೆರಿಗೆಗೆ ಮುಂಚೆ ಹತ್ತೂವರೆ ದಾಟಿತು.

ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಹೆಣ್ಣು ಮಗು. ಡಾಕ್ಟರು ಹೆದರಿದ್ದಂತೆ ರಕ್ತ ಸ್ವಲ್ಪ ಹೆಚ್ಚೇ ಹೋಯಿತು. ಬಾಗಿಲ ಹೊರಗೆ ಓಬಳಮ್ಮ ನನ್ನ ಕೈಯನ್ನು ನಜ್ಜುಗುಜ್ಜಾಗುವಂತೆ ಹಿಡಿದಿದ್ದರು. ಒಳಗಿನಿಂದ ಡಾಕ್ಟರು ಬಂದು, "ತಡ್ಕೊಂಡ್ಲು. ಮೊದಲಿನ ರಕ್ತದಲ್ಲಿ ಆಗಿದ್ರೆ ಕಷ್ಟ ಇತ್ತು," ಎಂದಾಗ ನಾವಿಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆವು.

ಒಂದೂವರೆ ತಿಂಗಳ ಮೇಲೆ ಮಗುವಿಗೆ ಲಸಿಕೆ ಹಾಕಿಸಲು ಅತ್ತೆ, ಸೊಸೆ, ಕೂಸು ಮೂವರೂ ನಾನು ಕೂರುವ ಆರೋಗ್ಯ ಉಪಕೇಂದ್ರಕ್ಕೆ ಬಂದರು. ಪದ್ಮಶ್ರೀಯ ಕೆನ್ನೆಗೆ ರಂಗು ಬಂದಿತ್ತು. ಅವಳ ಬೆರಳು ಚುಚ್ಚಿ, ಹತ್ತಿ ಒತ್ತಿ, ಚೀಟಿ ಬರೆಯುತ್ತಿದ್ದೆ. ಆಗ ಅವಳು ಹೇಳಿದಳು:

"ಅಕ್ಕಾ, ನಮ್ಮ ಅತ್ತಮ್ಮಂದೂ ನೋಡಿ."

"ನಂದ್ಯಾಕೆ?" ಓಬಳಮ್ಮ ಜೋರಾಗಿ ನಕ್ಕರು. "ನಾನೇನು ಹೆರಬೇಕಾ ಈಗ?"

"ಹಂಡೆ ಇಳಿಸಿ ಅರ್ಧ ಗಂಟೆ ಕೂತ್ಕೊಂತಾರೆ ಅಕ್ಕಾ. ಕೇಳಿದ್ರೆ ವಯಸ್ಸಾಯ್ತು ಅಂತಾರೆ. ನಾನು ಎರಡು ವರ್ಷದಿಂದ ನೋಡ್ತಿದೀನಿ," ಎಂದಳು ಪದ್ಮಶ್ರೀ. ಅತ್ತೆಯ ಮುಂದೆ ದನಿ ಎತ್ತದ ಹುಡುಗಿ. ಅತ್ತೆಯ ಕೈಯನ್ನು ತಾನೇ ಹಿಡಿದು ನನ್ನ ಮುಂದೆ ಚಾಚಿದಳು.

ಕೊಳವೆಯಲ್ಲಿ ಬಣ್ಣ ಕಂದಾಯಿತು. ಓಬಳಮ್ಮ ಎಂದಿನಂತೆ ಗಾಜಿಗೆ ಕಣ್ಣಿಟ್ಟು ಹನಿ ಹಾಕಿಸತೊಡಗಿದರು. ಹಾಕು, ಹಾಕು ಎಂದವರು ಬಹಳ ಬೇಗ ಸುಮ್ಮನಾದರು. ಬಣ್ಣ ನೋಡುವುದರಲ್ಲಿ ಅವರು ತಪ್ಪುವುದಿಲ್ಲ, ಅದು ಅವರಿಗೂ ಗೊತ್ತು.

"ಸಾಕು," ಎಂದರು ಮೆಲ್ಲಗೆ.

ಎಂಟು.

"ನಾನು ವಯಸ್ಸು ಅಂದ್ಕೊಂಡಿದ್ದೆ," ಎಂದರು.

ನನಗೆ ನಾಚಿಕೆಯಾಯಿತು. ಆರು ವರ್ಷದಿಂದ ಆ ಮನೆಗೆ ಹೋಗಿಬರುತ್ತಿದ್ದೆ. ಅವರ ಮನೆಯ ಟೀ ಕುಡಿದಿದ್ದೆ, ಜಗಳ ಆಡಿದ್ದೆ, ಅವರ ಪಕ್ಕ ಕೂತು ಅತ್ತಿದ್ದೆ. ಒಂದು ದಿನವೂ ಆ ಹೆಂಗಸಿನ ಕೆಳರೆಪ್ಪೆ ಎಳೆದು ನೋಡಿರಲಿಲ್ಲ. ಬಸುರಿ, ಬಾಣಂತಿ, ಕೂಸು, ಇಷ್ಟೇ ನನ್ನ ಪಟ್ಟಿಯಲ್ಲಿದ್ದದ್ದು. ಮಾರನೇ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬೇರೆ ಕಾಯಿಲೆ ಇದೆಯೇ ಎಂದು ಎಲ್ಲ ಪರೀಕ್ಷೆ ಮಾಡಿದರು. ಹೊಟ್ಟೆಯಲ್ಲಿ ಹುಳ ಇತ್ತು. ಅದಕ್ಕೆ ಔಷಧ ಕೊಟ್ಟು, ಕಬ್ಬಿಣದ ಮಾತ್ರೆಯನ್ನೂ ಬರೆದರು. ಈಗ ಸೊಸೆ ಅತ್ತೆಗೆ ನಿಂಬೆನೀರು ಹಿಂಡಿಕೊಟ್ಟು, ನುಂಗುವವರೆಗೆ ಎದುರಿಗೇ ನಿಲ್ಲುತ್ತಾಳೆ. ಓಬಳಮ್ಮ ಗೊಣಗುತ್ತಾರೆ, ನುಂಗುತ್ತಾರೆ.

ಅಕ್ಕಂದಿರೇ, ಅಮ್ಮಂದಿರೇ, ಈ ಕಥೆಯನ್ನು ನಿಮ್ಮ ಮಹಿಳಾ ಸಂಘದಲ್ಲಿ ಕೂತು ಓದುತ್ತಿದ್ದೀರಿ ಅಂದುಕೊಂಡಿದ್ದೇನೆ. ಕೆಂಪು ರಕ್ತಕೋಶದ ಆಯಸ್ಸು ಬರೀ ನಾಲ್ಕು ತಿಂಗಳು. ಹಳೆಯದು ಹೋಗುತ್ತಲೇ ಇರುತ್ತದೆ, ಹೊಸದು ಹುಟ್ಟುತ್ತಲೇ ಇರಬೇಕು. ಅದಕ್ಕೇ ಹತ್ತು ದಿನ ಮಾತ್ರೆ ನುಂಗಿ ಬಿಟ್ಟರೆ ಸಾಲದು, ಹೇಳಿದಷ್ಟು ದಿನವೂ ನುಂಗಬೇಕು. ಮಲ ಕಪ್ಪಾದರೆ ಹೆದರಬೇಡಿ. ಅನುಮಾನ ಬಂದರೆ ನರ್ಸಮ್ಮನನ್ನು ಕೇಳಿ. ನನ್ನಂಥ ಬಾಯಿಬಡುಕಿ ಆಗಿದ್ದರೂ ಬಿಡಬೇಡಿ, ಕೇಳಿ. ಇನ್ನೊಂದು ಮಾತು ಅತ್ತೆಯರಿಗೆ. ಸೊಸೆಯನ್ನು ಉಪಕೇಂದ್ರಕ್ಕೆ ಕರೆತಂದಾಗ ಚಪ್ಪಲಿ ಕಾಯುತ್ತಾ ಹೊರಗೆ ನಿಲ್ಲಬೇಡಿ. ಒಳಗೆ ಬನ್ನಿ, ನಿಮ್ಮ ಬೆರಳನ್ನೂ ಕೊಡಿ.